ಕಾಂಟಾದ ಪ್ರೇಮಲಾ ತೂಗಿದ ಗ್ರಹ

ಮನೆಗೆ ಪರಸಿ ಕಲ್ಲು ಹಾಸಿದ ವರ್ಷ ನನಗೆ ಪ್ರೇಮಲಾಬಾಯಿಯ ಪರಿಚಯವಾಯಿತು. ಅಲ್ಲಿಯವರೆಗೆ, ಸೂಕ್ಷ್ಮ ಅಳತೆ ಅಂದರೇನೆಂದು ಬಲ್ಲವನು ಇಡೀ ತಾಂಡೂರಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಈ ರೋಗ ನಮ್ಮ ಕಸುಬಿನವರಿಗೆಲ್ಲ ಇರುತ್ತದೆ.

ಬಶೀರಾಬಾದ್ ರಸ್ತೆಯಲ್ಲಿ, ಕಲ್ಲಿನ ಪಾಲಿಶ್ ಕಾರ್ಖಾನೆಗಳು ಮುಗಿಯುವಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ಒಂದು ಧರಮ್‌ಕಾಂಟಾ ಇದೆ. ಲಾರಿ ತೂಗುವ ಜಾಗ. ನೆಲಕ್ಕೆ ಸಮನಾಗಿ ದೊಡ್ಡ ಕಬ್ಬಿಣದ ಹಾಸು, ಪಕ್ಕದಲ್ಲಿ ಒಂದು ಚಿಕ್ಕ ಕೋಣೆ, ಕೋಣೆಯಲ್ಲಿ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ, ಒಂದು ಹಳೆಯ ಕಂಪ್ಯೂಟರ್, ಅದರ ಮುಂದೆ ಪ್ರೇಮಲಾಬಾಯಿ. ವಯಸ್ಸು ನಲವತ್ತಮೂರು. ಹುಟ್ಟಿದ್ದು ನಾರಾಯಣಖೇಡದ ಕಡೆಯ ಸಿರ್ಗಾಪುರದಲ್ಲಿ, ಓದಿದ್ದು ಹತ್ತನೆಯ ಇಯತ್ತೆ. ಗಂಡ ಆತ್ಮಾರಾಮ ಬಶೀರಾಬಾದಿನ ಹತ್ತಿರ ತೊಗರಿ ಬೆಳೆಯುತ್ತಾನೆ. ಈಕೆ ಹದಿನಾಲ್ಕು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಕಲ್ಲು ತೂಗುತ್ತಾರೆ.

ನನ್ನ ಕಲ್ಲು ಹೊತ್ತ ಲಾರಿ ಕಾಂಟಾದ ಮೇಲೆ ನಿಂತಿತ್ತು. ಪೆಟ್ಟಿಗೆಯಲ್ಲಿ ಇಪ್ಪತ್ತೆಂಟು ಸಾವಿರದ ನಾನೂರ ಅರವತ್ತು ಕಿಲೋ. ಪ್ರೇಮಲಾಬಾಯಿ ಕಿಟಕಿಯತ್ತ ತಿರುಗಿ ಕೂಡ ನೋಡದೆ ಚಾಲಕನನ್ನು ಕೂಗಿದರು.

“ದಶರಥಣ್ಣಾ, ಸೀಟಿನ ಹಿಂದ ಒಬ್ಬವ ಮಲಗ್ಯಾನ. ಅವಗ ಕೆಳಗ ಇಳಿ ಅನ್ನು.”

ದಶರಥ ಮೊದಲು ಯಾರೂ ಇಲ್ಲವೆಂದ, ಆಮೇಲೆ ನಕ್ಕ. ಕ್ಲೀನರ್ ಕಣ್ಣುಜ್ಜುತ್ತ ಕೆಳಗಿಳಿದ. ಅಂಕಿ ಅರವತ್ತು ಕಿಲೋ ಇಳಿಯಿತು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಅವರು, ಇದನ್ನೂ ಕೇಳುತ್ತಾರಾ ಎನ್ನುವ ಹಾಗೆ ನನ್ನ ಮುಖ ನೋಡಿದರು.

“ಕಲ್ಲು ಉಸಿರಾಡಂಗಿಲ್ರಿ ಸರ್. ಮನುಷ್ಯಾ ಆಡ್ತಾನ, ಮಗ್ಗಲಾ ಹೊಳ್ಳತಾನ. ಅಂಕಿ ಒಂದು ಕಡಿ ನಿಲ್ಲಂಗಿಲ್ಲ.”

ಮನೆಗೆ ಬರುತ್ತ ಮನಸ್ಸಿನಲ್ಲೇ ಭಾಗಿಸಿದೆ. ಸಾವಿರಕ್ಕೆ ಎರಡು ಪಾಲು. ದೂರದ ನಕ್ಷತ್ರವೊಂದರ ಮುಂದೆ ಅದರ ಗ್ರಹ ಹಾದುಹೋದಾಗ ಬೆಳಕು ಕಡಿಮೆಯಾಗುವುದೂ ಹೆಚ್ಚುಕಡಿಮೆ ಇಷ್ಟೇ, ಎಷ್ಟೋ ಸಲ ಇದಕ್ಕಿಂತ ಕಡಿಮೆ. ಗ್ರಹ ಕಣ್ಣಿಗೆ ಕಾಣುವುದಿಲ್ಲ. ನಕ್ಷತ್ರದ ಬೆಳಕನ್ನು ತೂಗುತ್ತ ಕೂರಬೇಕು, ಚೂರು ಇಳಿದರೆ ಹಿಡಿಯಬೇಕು. ಆಗ ನಮ್ಮ ಕಾಲೇಜಿನವರು ಅಂಥದೇ ಒಂದು ಕೆಲಸಕ್ಕೆ ಸೇರಿದ್ದೆವು. ಹೈದರಾಬಾದಿನಲ್ಲಿ ದೇವಿಕಾ ಎಂಬ ಸಂಶೋಧಕಿ, ನಮ್ಮ ಸೂರ್ಯನಂಥ ಹತ್ತಿರದ ನಕ್ಷತ್ರಗಳ ಪಟ್ಟಿ ಮಾಡಿ, ಬಾಹ್ಯಾಕಾಶದ ದೂರದರ್ಶಕವೊಂದು ಅಳೆದ ಬೆಳಕಿನ ನಕ್ಷೆಗಳನ್ನು ಜನರಿಗೆ ಹಂಚುತ್ತಿದ್ದಳು. ಗಣಕಕ್ಕೆ ತಪ್ಪಿಹೋದದ್ದು ಮನುಷ್ಯರ ಕಣ್ಣಿಗೆ ಬೀಳಬಹುದು ಎಂಬ ಆಸೆ ಅವಳದು. ನಕ್ಷೆಯೆಂದರೆ ಬರೀ ಚುಕ್ಕೆಗಳ ಸಾಲು. ಇಂಗ್ಲಿಷ್ ಬರಬೇಕೆಂದೇನೂ ಇಲ್ಲ.

ಮಾರನೆಯ ದಿನವೇ ಕಾಂಟಾಕ್ಕೆ ಹೋಗಿ ಪ್ರೇಮಲಾಬಾಯಿಗೆ ಇದನ್ನೆಲ್ಲ ವಿವರಿಸಿದೆ. ತರಗತಿಯಲ್ಲಿ ವಿವರಿಸುವ ನನ್ನ ವಿಶೇಷ ದನಿಯಲ್ಲೇ. ಅವರು ಕೊನೆಯವರೆಗೆ ಕೇಳಿ, ನನ್ನ ಒಬ್ಬ ವಿದ್ಯಾರ್ಥಿಯೂ ಈವರೆಗೆ ಕೇಳದ ಪ್ರಶ್ನೆ ಕೇಳಿದರು. ನಕ್ಷತ್ರಕ್ಕೆ ಅವರು ಚಿಕ್ಕಿ ಎನ್ನುತ್ತಾರೆ.

“ಚಿಕ್ಕಿದು ಖಾಲಿ ತೂಕ ಯಾವಾಗ ತಗೋತಾರ್ರಿ? ಮುಂದ ಏನೂ ಇಲ್ಲದಾಗ ಅದರ ಬೆಳಕ ಎಷ್ಟು ಅಂತ ಗೊತ್ತಿರಬೇಕಲ್ರಿ ಮೊದಲ.”

ಅವತ್ತೇ ಅವರ ಹೆಸರು ಸೇರಿಸಿದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಲಾರಿ ಕಡಿಮೆ. ಅವರು ರೊಟ್ಟಿ ತಿಂದು ಕೈತೊಳೆದು ನಕ್ಷೆ ತೆರೆಯುತ್ತಿದ್ದರು. ದಿನಕ್ಕೆ ಮೂವತ್ತು, ಕೆಲವು ದಿನ ನಲವತ್ತು. ಆತ್ಮಾರಾಮ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದ: “ಕಲ್ಲು ತೂಗಿ ತೂಗಿ ನಮ್ಮಾಕಿಗಿ ಬ್ಯಾಸರಾಗ್ಯಾದ. ಈಗ ಚಿಕ್ಕಿ ತೂಗಾಕತ್ತಾಳ.” ಗೇಲಿ ಮಾಡುವವನ ಹಾಗೆ ಹೇಳುತ್ತಿದ್ದ, ಆದರೆ ಹೆಮ್ಮೆ ಮುಚ್ಚಿಡುವುದು ಅವನಿಗೆ ಬರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ದೇವಿಕಾ ಫೋನ್ ಮಾಡಿದಳು. ಕೆಲಸಗಾರರ ಕಣ್ಣು ಪರೀಕ್ಷಿಸಲು ಅವರು ನಡುನಡುವೆ, ಗ್ರಹವಿದೆಯೆಂದು ಮೊದಲೇ ಗೊತ್ತಿರುವ ನಕ್ಷತ್ರಗಳ ನಕ್ಷೆಗಳನ್ನೂ ಸೇರಿಸಿಡುತ್ತಾರೆ.

“ಸರ್, ನಿಮ್ಮ ಪ್ರೇಮಲಾ ಅವರದು ಒಂದು ಒಗಟು,” ಎಂದಳು. “ಬೇರೆ ಯಾರಿಗೂ ಕಾಣದ ಸಣ್ಣ ಇಳಿತ ಅವರಿಗೆ ಕಾಣುತ್ತದೆ. ಆದರೆ ಮಕ್ಕಳಿಗೂ ಕಾಣುವಂಥ ಗ್ರಹಗಳನ್ನೆಲ್ಲ ‘ಏನೂ ಇಲ್ಲ’ ಎಂದು ಗುರುತು ಹಾಕಿದ್ದಾರೆ. ಒಂದಲ್ಲ, ಎಲ್ಲವನ್ನೂ.”

ನಾನು ಬಿಸಿಲಲ್ಲೇ ಕಾಂಟಾಕ್ಕೆ ಓಡಿದೆ. ಒಂದು ನಕ್ಷೆ ತೆರೆದು ತೋರಿಸಿದೆ. ಮೂರು ದಿನಕ್ಕೊಮ್ಮೆ ತಪ್ಪದೆ ಬಂದ ಇಳಿತ, ಹಲ್ಲು ಬಿದ್ದ ಬಾಚಣಿಗೆಯಂತೆ ಸಾಲಾಗಿ ಕಾಣುತ್ತಿತ್ತು. ಇದು ನಿಮಗೆ ಕಾಣಲಿಲ್ಲವೇ ಎಂದೆ.

“ಕಾಣಲಿಲ್ಲ ಅಂತ ಯಾರಂದ್ರಿ? ಕಂಡದ. ಇದು ಗಾಡಿ ಅದರಿ,” ಎಂದರು ಪ್ರೇಮಲಾಬಾಯಿ.

ಅಷ್ಟು ಹೊತ್ತಿಗೆ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು. ಕೋಣೆಯ ಗಾಜು ಗಲಗಲ ಅಂತು. ಕಾಂಟಾದ ಮೇಲೆ ಒಂದು ಕಾಗದವೂ ಇರಲಿಲ್ಲ, ಆದರೂ ಪೆಟ್ಟಿಗೆಯ ಅಂಕಿ ಸೊನ್ನೆಯಿಂದ ಹತ್ತು ಕಿಲೋ ಕೆಳಗಿಳಿಯಿತು, ಮೇಲೆ ಬಂತು, ಮತ್ತೆ ಇಳಿಯಿತು. ಆಗ ನನಗೆ ಅರ್ಥವಾಯಿತು. ಹದಿನಾಲ್ಕು ವರ್ಷದಲ್ಲಿ ಈ ಹೆಂಗಸು ಒಂದು ಪಾಠ ಕಲಿತಿದ್ದರು: ಯಾವಾಗಲೋ ಒಮ್ಮೆ ಅಂಕಿ ಇಳಿದರೆ ಅಲ್ಲಿ ಯಾರೋ ಇದ್ದಾರೆ, ಹೊತ್ತಿಗೆ ಸರಿಯಾಗಿ ಇಳಿದರೆ ಅದು ರೈಲು, ಅದನ್ನು ತೂಕಕ್ಕೆ ಹಿಡಿಯಬಾರದು. ಹೊತ್ತಿಗೆ ಸರಿಯಾಗಿ ಬರುವುದೇ ಗ್ರಹದ ಗುಣ ಎಂಬುದನ್ನು ಹೇಳಲು, ಭೌತಶಾಸ್ತ್ರದ ಈ ಪಂಡಿತ ಮರೆತಿದ್ದ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ನಾನು ನಕ್ಕೆ. ಜೋರಾಗಿಯೇ ನಕ್ಕೆ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆಂದು ನಂಬಿದವರನ್ನು ನಮ್ಮ ಸೀಮೆಯಲ್ಲಿ ಇವತ್ತೇ ನೋಡಿದ್ದು ಎಂದು ಒಂದು ಮಾತು ಬೇರೆ ಸೇರಿಸಿದೆ. ಅವರು ನಗಲಿಲ್ಲ. ಮುಖ ಸಣ್ಣದಾಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ತಪ್ಪು ನನ್ನದು, ನಗು ಅವರ ಮೇಲೆ.

“ಹಂಗಾದ್ರ ಎರಡು ತಿಂಗಳಿಂದ ನಾ ಖರೇ ಮಾಲೆಲ್ಲಾ ಹೊರಗ ಹಾಕೀನಿ,” ಎಂದರು.

ನಾನು ಏನೋ ಸಮಾಧಾನ ಹೇಳಲು ಹೋದೆ.

“ಇರ್ಲಿ ಬಿಡ್ರಿ ಸರ್. ಗಲತ್ ತೂಗಿದ್ರ ಮತ್ತ ತೂಗಬೇಕು.”

ಅಂದಿನಿಂದ ಹಳೆಯದನ್ನೆಲ್ಲ ಮೊದಲಿನಿಂದ ನೋಡತೊಡಗಿದರು. ಸಾವಿರದ ಎಂಟುನೂರು ನಕ್ಷತ್ರ. ದೀಪಾವಳಿಗೆ ಶುರುಮಾಡಿದ್ದು ಸಂಕ್ರಾಂತಿಗೆ ಮುಗಿಯಿತು. ಸಂಕ್ರಾಂತಿಯ ಎಳ್ಳಿನ ಜೊತೆಗೆ ಒಂದು ನಂಬರು ಬರೆದ ಚೀಟಿಯನ್ನೂ ನನ್ನ ಕೈಯಲ್ಲಿಟ್ಟರು: ನಾನೂರ ಹದಿನೆಂಟು.

ನಮ್ಮ ಪಟ್ಟಿಯ ನಾನೂರ ಹದಿನೆಂಟನೆಯ ನಕ್ಷತ್ರ ಎಪ್ಪತ್ತು ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದ ಲೆಕ್ಕದಲ್ಲಿ ಪಕ್ಕದ ಓಣಿ. ಬಣ್ಣ, ಗಾತ್ರ, ವಯಸ್ಸು ಎಲ್ಲ ನಮ್ಮ ಸೂರ್ಯನದೇ. ಇಪ್ಪತ್ತೇಳು ದಿನಕ್ಕೊಮ್ಮೆ ಅದರ ಬೆಳಕು ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟು ಇಳಿಯುತ್ತಿತ್ತು. ತುಂಬಿದ ಲಾರಿಯಿಂದ ಡ್ರೈವರನ ನೀರಿನ ಕ್ಯಾನು ಇಳಿಸಿದಷ್ಟು. ಇದನ್ನು ಹಿಂದೆ ಬೇರೆ ಯಾರೂ ಗುರುತಿಸಿರಲಿಲ್ಲ. ಲೆಕ್ಕ ಹಾಕಿದೆ: ಭೂಮಿಗಿಂತ ಎರಡು ಪಟ್ಟು ಅಗಲದ ಗ್ರಹ. ದೇವಿಕಾ ತನ್ನ ಗಣಕದ ಪರೀಕ್ಷೆಗಳನ್ನು ಓಡಿಸಿ, ಎಲ್ಲ ದಾಟಿದೆ ಎಂದಳು. ಅವಳ ಯೋಜನೆಯಲ್ಲಿ ಅದುವರೆಗೆ ಇಂಥ ಹನ್ನೆರಡು ಹೊಸ ಗ್ರಹಗಳು ನಿಂತಿದ್ದವು, ಇದು ಹದಿಮೂರನೆಯದು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇರವಾಗಿ ಪ್ರಿನ್ಸಿಪಾಲ್ ಮಾಣಿಕಪ್ಪನವರ ಕೋಣೆಗೆ ಹೋದೆ. ಫೆಬ್ರವರಿ ಇಪ್ಪತ್ತೆಂಟು ವಿಜ್ಞಾನ ದಿನ. ಆ ದಿನ ಪ್ರೇಮಲಾಬಾಯಿಗೆ ಸನ್ಮಾನ ಎಂದು ಅಲ್ಲೇ ತೀರ್ಮಾನವಾಯಿತು. ‘ಹೊಸ ಗ್ರಹ ಕಂಡ ನಮ್ಮ ತಾಂಡೂರಿನ ಮಹಿಳೆ’ ಎಂದು ತೆಲುಗಿನಲ್ಲಿ ಬ್ಯಾನರ್ ಬರೆಸಿದವನು ನಾನೇ. ಅವರ ಹೆಸರು ಒಂದು ಮೊಳ ಎತ್ತರದ ಅಕ್ಷರದಲ್ಲಿ.

ಬ್ಯಾನರಿನ ಫೋಟೋ ತೋರಿಸಿದಾಗ ಪ್ರೇಮಲಾಬಾಯಿ ಬಹಳ ಹೊತ್ತು ನೋಡಿದರು. ಹದಿನಾಲ್ಕು ವರ್ಷದಲ್ಲಿ ಅವರ ಕೈಯಿಂದ ಲಕ್ಷಗಟ್ಟಲೆ ತೂಕದ ಚೀಟಿ ಹೊರಗೆ ಹೋಗಿವೆ. ಪ್ರತಿಯೊಂದರ ಮೇಲೂ ಮಾಲೀಕನ ಹೆಸರು, ಲಾರಿಯ ನಂಬರು, ಚಾಲಕನ ಸಹಿ.

“ನನ್ನ ಹೆಸರ ಒಂದು ಕಡಿನೂ ಬಂದಿಲ್ರಿ ಸರ್ ಇಲ್ಲೀತನಕ,” ಎಂದರು. “ಬರ್ಲಿ ಅಂತ ಭಾಳ ಆಸೆ ಅದ. ಸುಳ್ಳ ಯಾಕ ಹೇಳ್ಲಿ?”

ಇದಾಗಿ ಹತ್ತು ದಿನಕ್ಕೆ ಅವರೇ ನಮ್ಮ ಮನೆಗೆ ಬಂದರು. ನಾನು ಚಹಾ ಕುಡಿಯುತ್ತಿದ್ದೆ. ಕೂಡ್ರಿ ಅಂದರೂ ಕೂಡಲಿಲ್ಲ.

“ಸರ್, ನಾವು ಖಾಲಿ ಕಾಂಟಾ ನೋಡಿಲ್ಲ.”

ಏನು ಹಾಗೆಂದರೆ ಎಂದೆ.

“ಲಾರಿ ನಿಂತಾಗ ಅಂಕಿ ಇಳೀತಂದ್ರ, ಮನುಷ್ಯಾ ಇಳದಾನೋ ಗಾಡಿ ಬಂದದೋ, ಹೆಂಗ ಹೇಳ್ತೀರಿ? ಲಾರಿ ಕೆಳಗ ಇಳಿಸಿ, ಅದೇ ಹೊತ್ತಿಗಿ ಖಾಲಿ ಕಾಂಟಾ ನೋಡಬೇಕು. ಖಾಲಿ ಇದ್ದಾಗೂ ಇಳೀತಂದ್ರ ಅದು ಗಾಡಿನೇ.”

ದೇವಿಕಾಳ ಗಣಕ ಅಕ್ಕಪಕ್ಕದ ನಕ್ಷತ್ರಗಳನ್ನೂ ನೋಡುತ್ತದೆ, ಅವು ಇಳಿದಿಲ್ಲ ಎಂದು ಹೇಳಿದೆ.

“ಅದು ದೊಡ್ಡವು ನೋಡ್ಯಾದರಿ. ಎಲ್ಲಾ ತುಂಬಿದ ಲಾರಿ. ತುಂಬಿದ ಲಾರಿ ಮ್ಯಾಲ ಹತ್ತು ಕಿಲೋ ಯಾರಿಗಿ ಕಾಣ್ತದ? ಜರಾಸೆ ಬೆಳಕಿಂದು, ಮಂಕಾದದ್ದು, ಯಾರೂ ಬ್ಯಾಡಂತ ಬಿಟ್ಟದ್ದು, ಅಂಥದು ನೋಡಬೇಕು.”

ಮಾತು ಸರಿಯಾಗಿತ್ತು, ಅದಕ್ಕೇ ನನಗೆ ರೇಗಿತು. ಬ್ಯಾನರ್ ಬರೆಸಿಯಾಗಿದೆ, ಜಹೀರಾಬಾದಿನಿಂದ ನನ್ನ ಬೀಗರೂ ಬರುವವರಿದ್ದಾರೆ. ನನ್ನ ಬಾಯಿಂದ ಮಾತು ಜಾರಿತು.

“ಪ್ರೇಮಲಾಬಾಯಿ, ಗ್ರಹ ನಿಮ್ಮದು. ತಮ್ಮ ಮಾಲಿಗೆ ತಾವೇ ಹುಳುಕು ಹುಡುಕೋರು ಯಾರರ ಇದ್ದಾರೇನ್ರಿ? ಇಪ್ಪತ್ತೆಂಟು ತಾರೀಕು ಆಗ್ಲಿ, ಆಮ್ಯಾಲ ನೋಡೂಣು.”

“ಆಮ್ಯಾಲ ಯಾಕ್ರಿ? ಹೆಸರ ನಂದು ಬರ್ಲಾಕತ್ತದ, ತೂಕ ನಂದೇ. ಮೊದಲ ನೋಡೂಣು.” ಅವರ ದನಿಯಲ್ಲಿ ಜಗಳವಿರಲಿಲ್ಲ. ಕಾಂಟಾದ ಕೋಣೆಯಿಂದ ಚಾಲಕರಿಗೆ ಹೇಳುವಷ್ಟೇ ನೆಟ್ಟಗೆ ಹೇಳಿದರು.

ನಾನು ದೇವಿಕಾಳಿಗೆ ಕೇಳಿದೆ. ನಾನೂರ ಹದಿನೆಂಟರ ಪಕ್ಕದ ಮಂಕು ನಕ್ಷತ್ರಗಳ ದಾಖಲೆ ಅವಳ ಯೋಜನೆಯಲ್ಲಿ ಇರಲೇ ಇಲ್ಲ, ನಿರುಪಯೋಗಿ ಎಂದು ಕೈಬಿಟ್ಟಿದ್ದರು. ಮೂಲ ಕಡತದಿಂದ ಐದನ್ನು ತೆಗೆದು ಕಳಿಸಿದಳು. ಮರುದಿನ ಮಧ್ಯಾಹ್ನ ಕಾಂಟಾದ ಕೋಣೆಯಲ್ಲಿ ನಾವಿಬ್ಬರೂ ಕೂತು ತೆರೆದೆವು. ಚುಕ್ಕೆಗಳು ಚೆಲ್ಲಿದ ಸಾಸಿವೆಯಂತೆ ಹರಡಿದ್ದವು. ಪ್ರೇಮಲಾಬಾಯಿ ನಮ್ಮ ಗ್ರಹ ಹಾದುಹೋದ ದಿನಾಂಕಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರು. ಬೆರಳಿಟ್ಟು ಒಂದೊಂದೇ ನೋಡಿದರು. ಮೊದಲನೆಯ ದಿನಾಂಕ: ಇಳಿತ. ಎರಡನೆಯದು: ಇಳಿತ. ಐದು ನಕ್ಷತ್ರ, ಐದರಲ್ಲೂ, ಅದೇ ದಿನ, ಅದೇ ಗಂಟೆ.

ನಾನು ಎದ್ದು ಹೊರಗೆ ಹೋಗಿ ನಿಂತೆ. ಕಲ್ಲಿನ ಪುಡಿ ಮೆತ್ತಿದ ರಸ್ತೆಯಲ್ಲಿ ಬಶೀರಾಬಾದಿನ ಬಸ್ಸು ಹೋಯಿತು. ಒಳಗೆ ಬಂದಾಗ ಪ್ರೇಮಲಾಬಾಯಿಯ ಕಣ್ಣು ಒದ್ದೆಯಾಗಿತ್ತು, ಆದರೆ ಕೈ ಕೆಲಸ ಮಾಡುತ್ತಿತ್ತು. ನಾಲ್ಕನೆಯ ನಕ್ಷೆಯ ಎದುರು ‘ಗಾಡಿ’ ಎಂದು ಬರೆಯುತ್ತಿದ್ದರು.

“ಕೆಟ್ಟ ಅನಸ್ತದರಿ ಸರ್. ಭಾಳ ಕೆಟ್ಟ ಅನಸ್ತದ,” ಎಂದರು. “ಆದ್ರ ತೂಕ ಬರೋಬ್ಬರಿ ಅದ.”

ಎರಡು ದಿನದಲ್ಲಿ ದೇವಿಕಾ ಕಾರಣ ಹುಡುಕಿದಳು. ಆ ದೂರದರ್ಶಕ ಹದಿಮೂರೂವರೆ ದಿನಕ್ಕೊಮ್ಮೆ ಭೂಮಿಗೆ ಸುತ್ತು ಹಾಕುತ್ತದೆ. ಪ್ರತಿ ಎರಡನೆಯ ಸುತ್ತಿನಲ್ಲಿ ಅದರ ಕ್ಯಾಮೆರಾದ ಒಂದು ಮೂಲೆಗೆ ಭೂಮಿಯಿಂದ ಬರುವ ಬೆಳಕು ಚೂರೇ ಚೂರು ಒಳಗೆ ಬೀಳುತ್ತದೆ. ಗಣಕ ಆ ಬೇಡದ ಬೆಳಕನ್ನು ಕಳೆಯುವಾಗ ಒಂದಿಷ್ಟು ಹೆಚ್ಚೇ ಕಳೆದುಬಿಡುತ್ತದೆ. ನಕ್ಷತ್ರ ಮಂಕಾದಂತೆ ತೋರುತ್ತದೆ. ಎಪ್ಪತ್ತು ಜ್ಯೋತಿರ್ವರ್ಷ ದೂರದಲ್ಲಿ ಪ್ರೇಮಲಾಬಾಯಿ ಕಂಡ ಗ್ರಹ ನಮ್ಮದೇ ಭೂಮಿಯಾಗಿತ್ತು. ಇದನ್ನು ಕೇಳಿ ಅವರಿಗೆ ಎಷ್ಟು ನಗು ಬಂತೆಂದರೆ, ಹೊರಗೆ ನಿಂತ ಲಾರಿಯವನು ಹಾರ್ನ್ ಹೊಡೆಯಬೇಕಾಯಿತು.

ದೇವಿಕಾ ಮಾತ್ರ ನಗುತ್ತಿರಲಿಲ್ಲ. ಖಾಲಿ ಕಾಂಟಾದ ಪರೀಕ್ಷೆಯನ್ನು ಅವಳು ತನ್ನ ಉಳಿದ ಹನ್ನೆರಡು ಗ್ರಹಗಳಿಗೂ ಹಚ್ಚಿದಳು. ನಾಲ್ಕು ದಿನದಲ್ಲಿ ಹತ್ತು ಉದುರಿದವು. ಪ್ರೇಮಲಾಬಾಯಿಯದನ್ನೂ ಸೇರಿಸಿದರೆ ಹನ್ನೊಂದು. ಉಳಿದ ಎರಡರ ಮೇಲೆ ಪ್ರೇಮಲಾಬಾಯಿ ಸ್ವತಃ ಹಟ ಹಿಡಿದು ಕೂತರು. ಮಂಕು ನಕ್ಷತ್ರ ಐದಲ್ಲ, ಒಂದೊಂದರ ಸುತ್ತ ಮೂವತ್ತು ತರಿಸಿದರು. ಏನು ಮಾಡಿದರೂ ಅವೆರಡೂ ಬೀಳಲಿಲ್ಲ. ಅಕ್ಕಪಕ್ಕ ಎಲ್ಲ ಸುಮ್ಮನಿದ್ದಾಗ, ಅವು ತಮ್ಮ ಹೊತ್ತಿಗೆ ತಾವು ಇಳಿಯುತ್ತಿದ್ದವು.

ಇಷ್ಟೆಲ್ಲ ಆಗುವಾಗ ನಾನು ಮಾಣಿಕಪ್ಪನವರಿಗೆ ಹೇಳಿದೆನೇ? ಇಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತ ಇಪ್ಪತ್ತೇಳಕ್ಕೆ ಬಂದು ನಿಂತೆ. ಅಂದು ಸಂಜೆ ಪ್ರೇಮಲಾಬಾಯಿಯ ಬಳಿ ಹೋಗಿ, ನಾಳೆ ಮೈಗೆ ಹುಷಾರಿಲ್ಲವೆಂದು ಹೇಳಿ ಮನೆಯಲ್ಲೇ ಇದ್ದುಬಿಡಿ, ಸನ್ಮಾನ ಹಾಗೇ ಮರೆತುಹೋಗುತ್ತದೆ ಎಂದೆ. ನಾಚಿಕೆ ಬಿಟ್ಟು ಅದನ್ನೂ ಹೇಳಿದೆ.

“ನನಗ ಏನಾಗ್ಯಾದ್ರಿ? ಹುಷಾರ ಅದೀನಿ,” ಎಂದರು. “ನಾ ಬರ್ತೀನಿ.”

ಬಂದರು. ಹಸಿರು ಇಳಕಲ್ ಸೀರೆ, ಜೊತೆಗೆ ಇಸ್ತ್ರಿ ಮಾಡಿದ ಅಂಗಿಯ ಆತ್ಮಾರಾಮ. ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಆ ಬ್ಯಾನರ್. ಮಾಣಿಕಪ್ಪನವರು ಹತ್ತು ನಿಮಿಷ ತೆಲುಗಿನಲ್ಲಿ ಹೊಗಳಿದರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಶಾಲು ಬಿಚ್ಚಿ ಹೊದಿಸಲು ಬಂದಾಗ ಪ್ರೇಮಲಾಬಾಯಿ ಅದನ್ನು ಕೈಯಿಂದ ತಡೆದು ಮೈಕಿನ ಮುಂದೆ ಹೋದರು. ತೆಲುಗಿನಲ್ಲಿ ಶುರುಮಾಡಿದರು, ಎರಡು ವಾಕ್ಯದಲ್ಲಿ ನಮ್ಮ ಕನ್ನಡಕ್ಕೆ ಬಂದರು. ಸಭೆಯ ಅರ್ಧಕ್ಕರ್ಧ ಜನಕ್ಕೆ ಮನೆಮಾತು ಅದೇ.

“ಹಿಂದ ಬರದದ್ದು ಖರೇ ಅಲ್ರಿ. ಆ ಗ್ರಹ ಇಲ್ಲ. ಇತ್ತಂತ ಮೊದಲ ಅಂದಾಕಿನೂ ನಾನೇ, ಇಲ್ಲಂತ ಕಂಡಾಕಿನೂ ನಾನೇ.”

ಗುಸುಗುಸು ಎದ್ದಿತು. ಮಾಣಿಕಪ್ಪನವರು ಶಾಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಇನ್ನು ಅಡಗಲು ಜಾಗವಿರಲಿಲ್ಲ. ಎದ್ದು ನಿಂತು, ಬ್ಯಾನರ್ ಬರೆಸಿದವನು ನಾನು, ಗ್ರಹ ಇಲ್ಲವೆಂದು ಎರಡು ವಾರದ ಹಿಂದೆಯೇ ಗೊತ್ತಿತ್ತು, ಹೇಳಲು ಧೈರ್ಯ ಬರಲಿಲ್ಲ, ಆಕೆಯನ್ನು ಮನೆಯಲ್ಲೇ ಇರಿ ಅಂದವನೂ ನಾನೇ ಎಂದು ಒಪ್ಪಿಕೊಂಡೆ. ಅಷ್ಟು ಜನ ವಿದ್ಯಾರ್ಥಿಗಳ ಎದುರು ಅದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ, ಅಷ್ಟು ಬೆವರಿಯೂ ಇಲ್ಲ.

ಮೂರನೆಯ ಸಾಲಿನಿಂದ ಸೌಮ್ಯಾ ಎಂಬ ವಿದ್ಯಾರ್ಥಿನಿ ಎದ್ದಳು. ಚುರುಕು ಹುಡುಗಿ, ಮಾತು ಸ್ವಲ್ಪ ಒರಟು.

“ಹಂಗಾದ್ರ ನೀವು ಒಟ್ಟ ಎಷ್ಟು ಗ್ರಹ ಕಂಡೀರಿ ಅಕ್ಕೋರ?”

ಕೆಲವರು ನಕ್ಕರು. ಆತ್ಮಾರಾಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಪ್ರೇಮಲಾಬಾಯಿ ಮೈಕನ್ನು ತುಸು ಹತ್ತಿರಕ್ಕೆ ಎಳೆದುಕೊಂಡರು.

“ಒಂದೂ ಇಲ್ಲವಾ. ಹದಿಮೂರು ಅದಾವ ಅಂತ ಎಲ್ಲಾರೂ ಅಂತಿದ್ರು. ಹನ್ನೊಂದು ಸುಳ್ಳಿದ್ದವು, ತಗದು ಹಾಕೀವಿ. ಎರಡು ಉಳದಾವ. ಅವು ನಾ ಕಂಡವಲ್ಲ, ಬ್ಯಾರೆ ಯಾರೋ ಪುಣ್ಯಾತ್ಮರು ಕಂಡವು. ಬೀಳಸಬೇಕಂತ ಎಂಟು ದಿನ ಜಗ್ಗೀನಿ, ಅವು ಬಿದ್ದಿಲ್ಲ.” ಲಾರಿಯ ತೂಕ ಕೂಗಿ ಹೇಳುವ ಅದೇ ದನಿಯಲ್ಲಿ ಮುಗಿಸಿದರು. “ಆ ಎರಡೂ ಅಲ್ಲಿ ಅದಾವ. ಅದಕ್ಕ ನಾ ಜಾಮೀನ ನಿಲ್ತೀನಿ.”